ಹೃದ್ರೋಗಚಿಕಿತ್ಸೆಯಲ್ಲಿ ರೋಗಿಯ ಸಮ್ಮತಿ

ರೋಗಿಯ ದೇಹದ ಮೇಲೆ ವೈದ್ಯನು ನಡೆಸುವ ಕಾರ್ಯಕ್ಕೆ ಯಾರ ಅನುಮತಿ ಬೇಕು ಎಂಬ ಪ್ರಶ್ನೆಯು ಇಂದು ನಿನ್ನೆ ಹುಟ್ಟಿದುದಲ್ಲ. ಭರತಖಂಡದ ಪ್ರಾಚೀನ ವೈದ್ಯಾಚಾರ್ಯರು ಇದನ್ನು ಎತ್ತಿದ್ದರು. ಆಧುನಿಕ ನ್ಯಾಯಾಲಯಗಳೂ ಇದನ್ನು ಎತ್ತಿವೆ. ಆದರೆ ಉತ್ತರವು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಒಂದು ಕಾಲದಲ್ಲಿ ಅರಸನೂ ಬಂಧುಗಳೂ ಅನುಮತಿಯನ್ನು ಕೊಡತಕ್ಕವರಾಗಿದ್ದರು. ಮತ್ತೊಂದು ಕಾಲದಲ್ಲಿ ವೈದ್ಯನ ಮಾತೇ ಕಡೆಯ ಮಾತಾಯಿತು. ಈಗಲಾದರೋ ವೈದ್ಯನೂ ರೋಗಿಯೂ ಕೂಡಿ ವಿಚಾರಮಾಡಿ ಚಿಕಿತ್ಸೆಯನ್ನು ನಿಶ್ಚಯಿಸತಕ್ಕದ್ದೆಂಬ ಮತವು ಲೋಕದಲ್ಲಿ ಬಲಪಡುತ್ತಿದೆ. ಈ ಮತದ ಸತ್ತ್ವಪರೀಕ್ಷೆಯು ಹೃದ್ರೋಗದಲ್ಲಿ ನಡೆಯುವಷ್ಟು ತೀಕ್ಷ್ಣವಾಗಿ ಬೇರೆ ರೋಗಗಳಲ್ಲಿ ನಡೆಯುವುದು ವಿರಳ. ಏಕೆಂದರೆ ಈ ರೋಗವು ಒಮ್ಮೆ ಯೋಚನೆಗೆ ಘಳಿಗೆಯನ್ನೂ ಕೊಡುವುದಿಲ್ಲ. ಮತ್ತೊಮ್ಮೆ ವರ್ಷಗಟ್ಟಲೆ ಅವಕಾಶವನ್ನು ಕೊಡುತ್ತದೆ.

ಹಾಸನ ಜಿಲ್ಲೆಯ ವಾಚಕರಿಗೆ ಈ ವಿಚಾರವು ದೂರದ್ದಲ್ಲ. 2025ನೆಯ ಇಸವಿಯ ಮೇ ತಿಂಗಳ ಕಡೆಯಿಂದ ಜುಲೈ ತಿಂಗಳ ಆರಂಭದವರೆಗೆ, ಸುಮಾರು ನಾಲ್ವತ್ತು ದಿನಗಳಲ್ಲಿ, ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತರಾದರೆಂಬ ವರ್ತಮಾನವು ಪತ್ರಿಕೆಗಳಲ್ಲಿ ದಿನದಿನವೂ ಪ್ರಕಟವಾಯಿತು. ಮೃತರಲ್ಲಿ ಹಲವರು ಚಿಕ್ಕ ವಯಸ್ಸಿನವರಾಗಿದ್ದರು. ಅರಸೀಕೆರೆಯ ಸಂತೆಯಲ್ಲಿಯೂ ಬೇಲೂರಿನ ಬಸ್ಸುನಿಲ್ದಾಣದಲ್ಲಿಯೂ ಬೇರೆ ಮಾತೇ ಇಲ್ಲದಂತಾಯಿತು. ಎದೆಯಲ್ಲಿ ಸ್ವಲ್ಪ ಚುಚ್ಚಿದರೆ ಸಾಕು, ಜನರು ಹೊಲಮನೆಗಳ ಕೆಲಸವನ್ನು ಬಿಟ್ಟು ಮೈಸೂರು ಬೆಂಗಳೂರುಗಳ ಜಯದೇವ ಆಸ್ಪತ್ರೆಗಳಿಗೆ ಧಾವಿಸಿದರು. ಬೆಳಗಾಗುವ ಮೊದಲೇ ಅಲ್ಲಿ ಸಾಲುಗಟ್ಟಿ ನಿಂತರು. ಸರ್ಕಾರವು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾದ ಡಾ. ಕೆ. ಎಸ್. ರವೀಂದ್ರನಾಥರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಆ ಸಮಿತಿಯು 24 ಮರಣಗಳನ್ನು ಪರಿಶೀಲಿಸಿ, ಅವುಗಳಲ್ಲಿ 4 ಮರಣಗಳು ಹೃದಯಕ್ಕೆ ಸಂಬಂಧಿಸಿದುವಲ್ಲವೆಂದೂ, ಉಳಿದ 20 ಹೃದ್ರೋಗದಿಂದ ಆದುವು ಅಥವಾ ಹಾಗೆಂದು ಭಾವಿಸಬಹುದಾದುವು ಎಂದೂ, ಜಿಲ್ಲೆಯಲ್ಲಿ ಹೃದ್ರೋಗದ ಮರಣಗಳು ಹಿಂದಿಗಿಂತ ಅಸಾಧಾರಣವಾಗಿ ಹೆಚ್ಚಿದುದಕ್ಕೆ ಪ್ರಮಾಣವಿಲ್ಲವೆಂದೂ ವರದಿಯನ್ನು ಒಪ್ಪಿಸಿತು. ಮಧುಮೇಹ, ರಕ್ತದ ಒತ್ತಡ, ಹೊಗೆಸೊಪ್ಪು, ಮದ್ಯಪಾನ, ವಂಶಾನುಗತವಾದ ದೋಷ, ಇವೇ ಎಂದಿನಂತೆ ಕಾರಣಗಳಾಗಿ ಕಂಡುಬಂದುವು.

ಈ ಪ್ರಸಂಗದಲ್ಲಿ ಗಮನಿಸತಕ್ಕ ಅಂಶವೊಂದುಂಟು. ಆ ದಿನಗಳಲ್ಲಿ ಸಾಲಿನಲ್ಲಿ ನಿಂತ ಸಾವಿರಾರು ಮಂದಿ ತಮ್ಮ ಚಿಕಿತ್ಸೆಯ ವಿಷಯದಲ್ಲಿ ಒಂದು ನಿಶ್ಚಯವನ್ನು ಮಾಡಿಕೊಂಡೇ ಮನೆಯನ್ನು ಬಿಟ್ಟಿದ್ದರು. ಆದರೆ ಆ ನಿಶ್ಚಯದಲ್ಲಿ ವೈದ್ಯನ ಪಾಲು ಇರಲಿಲ್ಲ. ಭಯದ ಪಾಲೇ ಇದ್ದಿತು. ಇದಕ್ಕೆ ಪ್ರತಿಯಾಗಿ, ಸಾಮಾನ್ಯ ದಿನಗಳಲ್ಲಿ ಅದೇ ಜನರು ಆಸ್ಪತ್ರೆಯಲ್ಲಿ ತೋರಿಸಿದ ಕಾಗದಕ್ಕೆ ಓದದೆ ಹೆಬ್ಬೆಟ್ಟನ್ನೊತ್ತಿ ಬರುವುದುಂಟು. ಆ ನಿಶ್ಚಯದಲ್ಲಿ ರೋಗಿಯ ಪಾಲಿರುವುದಿಲ್ಲ. ಎರಡೂ ಒಂದೇ ಕೊರತೆಯ ಎರಡು ರೂಪಗಳು. ಈ ಕೊರತೆಯು ಎಲ್ಲಿಂದ ಬಂದಿತೆಂಬುದನ್ನು ತಿಳಿಯುವುದಕ್ಕೆ ಹಿಂದಣ ಕಾಲದಿಂದ ಆರಂಭಿಸಬೇಕು.

ಆಯುರ್ವೇದದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ದ್ರವ್ಯ, ಉಪಚಾರಕ, ರೋಗಿ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಈ ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು ವಿಧಿಸಲ್ಪಟ್ಟಿವೆ. ರೋಗಿಗೆ ಹೇಳಿರುವ ಗುಣಗಳು ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ ಎಂಬುವು. ಅಂದರೆ ನಡೆದುದನ್ನು ನೆನಪಿನಲ್ಲಿಟ್ಟಿರಬೇಕು, ವೈದ್ಯನು ಹೇಳಿದಂತೆ ನಡೆಯಬೇಕು, ಹೆದರಬಾರದು, ತನ್ನ ರೋಗವನ್ನು ಚೆನ್ನಾಗಿ ತಿಳಿಯಪಡಿಸಬೇಕು ಎಂದು ತಾತ್ಪರ್ಯ. ಇಲ್ಲಿ ರೋಗಿಯು ಕೇವಲ ಚಿಕಿತ್ಸೆಯ ವಿಷಯವಲ್ಲ, ಚಿಕಿತ್ಸೆಯ ಅಂಗ. ನಾಲ್ಕರಲ್ಲಿ ಒಂದು ಪಾದವು ಕುಂಟಿದರೂ ಕಾರ್ಯವು ನಡೆಯದು. ಆದರೂ ಈ ನಾಲ್ಕು ಗುಣಗಳಲ್ಲಿ ಆರಿಸಿಕೊಳ್ಳುವ ಅಧಿಕಾರವು ಸೇರಿಲ್ಲವೆಂಬುದನ್ನು ಪಕ್ಷಪಾತವಿಲ್ಲದೆ ಒಪ್ಪಬೇಕು. ಹೇಳುವುದು ರೋಗಿಯ ಪಾಲು, ನಿಶ್ಚಯಿಸುವುದು ವೈದ್ಯನ ಪಾಲು, ನಡೆಯುವುದು ಮರಳಿ ರೋಗಿಯ ಪಾಲು ಎಂಬುದು ಆ ಕಾಲದ ವ್ಯವಸ್ಥೆ.

ಹಾಗಿದ್ದರೂ ಪ್ರಾಣಸಂಶಯವುಳ್ಳ ಚಿಕಿತ್ಸೆಯಲ್ಲಿ ಆಚಾರ್ಯರು ಬೇರೆ ಮಾರ್ಗವನ್ನು ತೋರಿಸಿದ್ದಾರೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಉದರರೋಗದ ಪ್ರಕರಣವುಂಟು. ಬೇರೆ ಔಷಧಗಳು ವಿಫಲವಾಗಿ ವಿಷಪ್ರಯೋಗದಂತಹ ಉಗ್ರೋಪಾಯವೇ ಉಳಿದಾಗ, ವೈದ್ಯನು ರೋಗಿಯ ಜ್ಞಾತಿಗಳನ್ನೂ ಮಿತ್ರರನ್ನೂ ಹೆಂಡತಿಯನ್ನೂ ಗುರುಗಳನ್ನೂ ಅರಸನನ್ನೂ ಕರೆಯಿಸಿ, ಏನೂ ಮಾಡದಿದ್ದರೆ ಮರಣವು ನಿಶ್ಚಯ, ಮಾಡಿದರೆ ಸಂಶಯ ಎಂಬ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ತಿಳಿಸಿ, ಅವರು ಒಪ್ಪಿದ ಮೇಲೆಯೇ ಕಾರ್ಯಕ್ಕೆ ತೊಡಗತಕ್ಕದ್ದು. ಸುಶ್ರುತಸಂಹಿತೆಯಲ್ಲಿಯೂ ಮೂತ್ರಾಶಯದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ಮೊದಲು ಇದೇ ಕಾರಣವನ್ನು ಹೇಳಿ ಒಡೆಯನ ಅನುಮತಿಯನ್ನು ಪಡೆಯಬೇಕೆಂದು ವಿಧಿಯುಂಟು. ಮಾಡಿದರೇನು, ಮಾಡದಿದ್ದರೇನು ಎಂದು ಎರಡು ತಕ್ಕಡಿಗಳನ್ನೂ ಎದುರಿಗಿಟ್ಟು ತೂಗಿ ತೋರಿಸುವ ಈ ಪದ್ಧತಿಯನ್ನು ಇಂದಿನ ಯಾವ ವೈದ್ಯಕೀಯ ಧರ್ಮಶಾಸ್ತ್ರವೂ ಅಲ್ಲಗಳೆಯಲಾರದು. ಆದರೆ ತಕ್ಕಡಿಯನ್ನು ಹಿಡಿದು ನೋಡುವವರು ಬಂಧುಗಳು ಮತ್ತು ಅರಸ. ರೋಗಿಯು ಹಾಸಿಗೆಯಲ್ಲಿ ಮಲಗಿದ್ದಾನೆ. ಈ ಚಿತ್ರವು ಇಪ್ಪತ್ತು ಶತಮಾನಗಳ ಬಳಿಕವೂ ಹಳ್ಳಿಯ ಮನೆಗಳಲ್ಲಿ ಹೆಚ್ಚಾಗಿ ಬದಲಾಗಿಲ್ಲ.

ವೈದ್ಯಜ್ಞಾನವು ಜನರ ಭಾಷೆಗೆ ಬಾರದಿದ್ದರೆ ಜನರು ಅದರಲ್ಲಿ ಪಾಲುಗೊಳ್ಳುವುದು ಹೇಗೆ? ಈ ದೃಷ್ಟಿಯಿಂದ ಕನ್ನಡನಾಡಿನ ಹನ್ನೆರಡನೆಯ ಶತಮಾನವು ಸ್ಮರಣೀಯವಾದುದು. ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆಮಾಡಿಸಿದನು. ಅನಂತರ ಕೆಲವೇ ವರ್ಷಗಳಲ್ಲಿ ದೋರಸಮುದ್ರವೆಂಬ ಇಂದಿನ ಹಳೇಬೀಡಿನಲ್ಲಿ ಹೊಯ್ಸಳೇಶ್ವರಾಲಯವು ಎದ್ದಿತು. ಅದೇ ಶತಮಾನದಲ್ಲಿ, ಸುಮಾರು 1125ರಲ್ಲಿ, ಚಾಲುಕ್ಯವಂಶದ ಕೀರ್ತಿವರ್ಮನು ಗೋವೈದ್ಯವೆಂಬ ಗ್ರಂಥವನ್ನೂ, ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಕರ್ಣಾಟಕ ಕಲ್ಯಾಣಕಾರಕವನ್ನೂ ಕನ್ನಡದಲ್ಲಿ ರಚಿಸಿದರು. ಸೋಮನಾಥನ ಗ್ರಂಥವು ಪೂಜ್ಯಪಾದರ ಸಂಸ್ಕೃತಗ್ರಂಥದ ಕನ್ನಡ ರೂಪ. ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವು ಆ ಮಠವನ್ನು ಅನ್ನದಾನದ ಸ್ಥಾನವೆಂದು ಹೊಗಳುವುದರ ಜೊತೆಗೆ ನಾನಾ ರೋಗಿಗಳಿಗೆ ಔಷಧವು ದೊರೆಯುತ್ತಿದ್ದ ಸ್ಥಾನವೆಂದೂ ಹೇಳುತ್ತದೆ. ಸಂಸ್ಕೃತದಲ್ಲಿದ್ದ ಶಾಸ್ತ್ರವನ್ನು ಕನ್ನಡಕ್ಕೆ ತಂದವರಿಗೆ ರೋಗಿಯ ಹಕ್ಕೆಂಬ ಕಲ್ಪನೆ ಇದ್ದಿತೆಂದು ಹೇಳುವುದು ಅತಿಶಯೋಕ್ತಿ. ಆದರೆ ಅವರು ಮಾಡಿದ ಕೆಲಸವಿಲ್ಲದೆ ಆ ಹಕ್ಕಿಗೆ ಅರ್ಥವಿಲ್ಲ. ತಿಳಿಯದ ಭಾಷೆಯಲ್ಲಿ ಮುದ್ರಿಸಿದ ಒಪ್ಪಿಗೆಪತ್ರಕ್ಕೆ ರುಜುಹಾಕಿದವನು ಒಪ್ಪಿದವನಲ್ಲ, ರುಜುಹಾಕಿದವನು ಮಾತ್ರ.

ಇನ್ನು ಪಶ್ಚಿಮದೇಶಗಳ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬಹುದು. ಅಲ್ಲಿಯೂ ಬಹುಕಾಲ ವೈದ್ಯನ ಮಾತೇ ಶಾಸನವಾಗಿದ್ದಿತು. 1847ರಲ್ಲಿ ಅಮೆರಿಕದ ವೈದ್ಯರ ಸಂಘವು ಪ್ರಕಟಿಸಿದ ನೀತಿಸಂಹಿತೆಯು, ರೋಗಿಯು ವೈದ್ಯನ ಆಜ್ಞೆಯನ್ನು ತಡಮಾಡದೆಯೂ ಪ್ರಶ್ನಿಸದೆಯೂ ಪಾಲಿಸತಕ್ಕದ್ದೆಂದು ವಿಧಿಸಿತ್ತು. ಇದು ಚರಕನ ನಿರ್ದೇಶಕಾರಿತ್ವಕ್ಕಿಂತ ಭಿನ್ನವಾದುದಲ್ಲ. ಈ ಭಾವನೆಗೆ ಪೆಟ್ಟುಬಿದ್ದುದು 1957ರಲ್ಲಿ. ಕ್ಯಾಲಿಫೋರ್ನಿಯದ ರೋಗಿಯೊಬ್ಬನ ಮಹಾಧಮನಿಯನ್ನು ಪರೀಕ್ಷಿಸುವುದಕ್ಕೋಸ್ಕರ ವೈದ್ಯರು ಅದರೊಳಗೆ ಬಣ್ಣದ ದ್ರವವನ್ನು ಸೇರಿಸಿದರು. ಬಳಿಕ ಆತನ ಕಾಲುಗಳು ಸ್ವಾಧೀನ ತಪ್ಪಿದುವು. ಆ ಪರೀಕ್ಷೆಯ ಅಪಾಯವನ್ನು ರೋಗಿಗೆ ಮೊದಲೇ ತಿಳಿಸಬೇಕಾಗಿದ್ದಿತೇ ಎಂಬ ವಿಚಾರವು ಬಂದಾಗ, ತಿಳಿದು ಕೊಡುವ ಸಮ್ಮತಿ ಎಂಬ ಪದವು ಅಲ್ಲಿನ ನ್ಯಾಯಾಲಯದ ಭಾಷೆಗೆ ಸೇರಿತು. 1982ರಲ್ಲಿ ಅಮೆರಿಕದ ಅಧ್ಯಕ್ಷರು ನೇಮಿಸಿದ್ದ ಆಯೋಗವು ಇನ್ನೂ ಒಂದು ಹೆಜ್ಜೆ ಮುಂದೆಹೋಗಿ, ಸಮ್ಮತಿಯೆಂದರೆ ರುಜುವಲ್ಲ, ವೈದ್ಯನೂ ರೋಗಿಯೂ ಪರಸ್ಪರ ಗೌರವದಿಂದ ಕೂಡಿ ನಿಶ್ಚಯಿಸುವ ಕ್ರಿಯೆ ಎಂಬ ಅಭಿಪ್ರಾಯವನ್ನು ಕೊಟ್ಟಿತು. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ, ಯಾವ ಅಪಾಯವನ್ನು ಹೇಳಬೇಕೆಂಬುದನ್ನು ವೈದ್ಯರ ರೂಢಿಯಿಂದಲ್ಲ, ರೋಗಿಗೆ ಮುಖ್ಯವಾಗಿ ಕಾಣುವುದೇನೆಂಬುದರಿಂದ ನಿರ್ಣಯಿಸಬೇಕೆಂದು ತೀರ್ಪಿತ್ತಿತು. ಹೃದಯಕ್ಕೆ ಸಂಬಂಧಿಸಿದಂತೆ ಅಮೆರಿಕ ಸರ್ಕಾರವು ವೃದ್ಧರ ವಿಮಾನಿಧಿಯಿಂದ ಹಣವನ್ನು ಕೊಡುವಾಗ ಇದನ್ನು ನಿಬಂಧನೆಯಾಗಿಯೇ ಸೇರಿಸಿದೆ. ಹೃದಯದ ಕರ್ಣಪಾಲಿಯನ್ನು ಮುಚ್ಚುವ ಸಾಧನಕ್ಕೆ 2016ರಿಂದಲೂ, ಹಠಾತ್ ಮರಣವನ್ನು ತಡೆಯಲು ಎದೆಯಲ್ಲಿಡುವ ವಿದ್ಯುತ್ ಸಾಧನಕ್ಕೆ ಬಹುತೇಕ ರೋಗಿಗಳ ವಿಷಯದಲ್ಲಿ 2018ರಿಂದಲೂ, ರೋಗಿಯೊಡನೆ ಕೂಡಿ ವಿಚಾರಮಾಡಿದ ದಾಖಲೆ ಬೇಕು.

ಭಾರತದಲ್ಲಿ ಈ ವಿಚಾರದ ಗತಿ ಹೇಗಿದ್ದಿತು? 2002ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ವೈದ್ಯರ ನಡತೆಯ ನಿಯಮಗಳನ್ನು ಹೊರಡಿಸಿತು. ಶಸ್ತ್ರಚಿಕಿತ್ಸೆಗೆ ಲಿಖಿತ ಒಪ್ಪಿಗೆಯನ್ನು ಪಡೆಯಬೇಕೆಂಬ ವಿಧಿಯಲ್ಲಿ ಅದು ಒಪ್ಪಿಗೆ ಕೊಡತಕ್ಕವರನ್ನು ಹೆಸರಿಸುವ ಕ್ರಮವನ್ನು ವಾಚಕರು ಗಮನಿಸಬೇಕು: ಮೊದಲು ಗಂಡ ಅಥವಾ ಹೆಂಡತಿ, ಅನಂತರ ಅಪ್ರಾಪ್ತವಯಸ್ಕರ ವಿಷಯದಲ್ಲಿ ತಂದೆತಾಯಿ ಇಲ್ಲವೆ ಪೋಷಕರು, ಕಡೆಯಲ್ಲಿ ರೋಗಿ. ಚರಕನ ಕಾಲದ ಸಭೆಯೇ ಕಾನೂನಿನ ಭಾಷೆಯಲ್ಲಿ ಮರಳಿ ಕುಳಿತಂತೆ ಕಾಣುತ್ತದೆ; ಅರಸನೊಬ್ಬನು ಮಾತ್ರ ಎದ್ದುಹೋಗಿದ್ದಾನೆ.

ಈ ಕ್ರಮವನ್ನು ತಿದ್ದಿದುದು 2008ರ ಜನವರಿ 16ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪು. ದೆಹಲಿಯ ಮಹಿಳೆಯೊಬ್ಬರು ಪರೀಕ್ಷೆಗೆ ಮಾತ್ರ ಒಪ್ಪಿ ಅರಿವಳಿಕೆಯಲ್ಲಿದ್ದಾಗ, ವೈದ್ಯರು ಆಕೆಯ ತಾಯಿಯ ಒಪ್ಪಿಗೆಯನ್ನು ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟಿದ್ದರು. ಪ್ರಾಣಾಪಾಯದ ತುರ್ತು ಇಲ್ಲದಿರುವಾಗ, ಪ್ರಾಪ್ತವಯಸ್ಕಳೂ ಸ್ವಸ್ಥಬುದ್ಧಿಯವಳೂ ಆದ ರೋಗಿಯ ಪರವಾಗಿ ತಾಯಿಯೂ ಒಪ್ಪಿಗೆ ಕೊಡಲಾರಳು ಎಂದು ನ್ಯಾಯಾಲಯವು ಸ್ಪಷ್ಟಪಡಿಸಿತು. ಆದರೆ ರೋಗಿಗೆ ಎಷ್ಟನ್ನು ತಿಳಿಸಬೇಕೆಂಬ ವಿಷಯದಲ್ಲಿ ಅದು ಅಮೆರಿಕದ ಕಟ್ಟುನಿಟ್ಟನ್ನು ಸ್ವೀಕರಿಸಲಿಲ್ಲ. ಬಡವರೂ ಓದುಬರಹವಿಲ್ಲದವರೂ ವೈದ್ಯನನ್ನು ನಂಬಿ ನಡೆಯುವ ಈ ದೇಶದ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ರೋಗದ ಸ್ವರೂಪ, ಚಿಕಿತ್ಸೆಯ ಸ್ವರೂಪ, ಬೇರೆ ಮಾರ್ಗಗಳಿವೆಯೇ, ಅಪಾಯವೇನು, ಚಿಕಿತ್ಸೆಯನ್ನು ಬಿಟ್ಟರೆ ಆಗುವುದೇನು, ಇಷ್ಟನ್ನಾದರೂ ತಿಳಿಸಲೇಬೇಕೆಂದು ವಿಧಿಸಿತು. 2018ರಲ್ಲಿ ಅದೇ ನ್ಯಾಯಾಲಯವು, ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಪ್ರಾಣವನ್ನು ಹಿಡಿದಿಡುವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಒಪ್ಪಿತು. 2025ರ ಜನವರಿ 30ರಂದು ಕರ್ಣಾಟಕ ಸರ್ಕಾರವು ಅದನ್ನು ಆಚರಣೆಗೆ ತರುವ ಆಜ್ಞೆಯನ್ನು ಹೊರಡಿಸಿತು. ಹೀಗೆ ಸಮ್ಮತಿಯ ಅಧಿಕಾರವು ಅರಸನಿಂದ ಬಂಧುಗಳಿಗೂ, ಬಂಧುಗಳಿಂದ ರೋಗಿಗೂ ಇಳಿದುಬಂದಿತು.

ಈ ಅಧಿಕಾರವು ಹೃದ್ರೋಗಿಯ ಕೈಯಲ್ಲಿ ಹೇಗೆ ಕೆಲಸಮಾಡುತ್ತದೆಂಬುದೇ ಪ್ರಕೃತ ವಿಷಯ. ಹೃದ್ರೋಗದಲ್ಲಿ ನಿಶ್ಚಯಗಳು ಮೂರು ಬಗೆ: ಘಳಿಗೆಯಲ್ಲಿ ಆಗತಕ್ಕುವು, ವಾರಗಳಲ್ಲಿ ಆಗತಕ್ಕುವು, ಬಾಳೆಲ್ಲ ನಡೆಯತಕ್ಕುವು. ಮೂರಕ್ಕೂ ಒಂದೇ ನಿಯಮವನ್ನು ಹೇಳಿದರೆ ಅನರ್ಥವಾದೀತು.

ಮೊದಲನೆಯದು ಹೃದಯಾಘಾತ. ಹೃದಯಕ್ಕೆ ರಕ್ತವನ್ನು ಕೊಂಡೊಯ್ಯುವ ಧಮನಿಯಲ್ಲಿ ರಕ್ತವು ಹೆಪ್ಪುಗಟ್ಟಿ ಹಾದಿಯು ಮುಚ್ಚಿದಾಗ, ಕಳೆಯುವ ಒಂದೊಂದು ನಿಮಿಷಕ್ಕೂ ಹೃದಯದ ಮಾಂಸವು ಸಾಯುತ್ತ ಹೋಗುತ್ತದೆ. ಹಾದಿಯನ್ನು ತೆರೆಯುವುದಕ್ಕೆ ಎರಡು ಉಪಾಯಗಳುಂಟು. ಸೂಕ್ಷ್ಮವಾದ ನಳಿಕೆಯನ್ನು ಧಮನಿಯೊಳಗೆ ಹಾಯಿಸಿ ಸ್ಟೆಂಟನ್ನು ಇಡುವುದು ಒಂದು. ಹೆಪ್ಪನ್ನು ಕರಗಿಸುವ ಟೆನೆಕ್ಟಿಪ್ಲೇಸ್ ಮೊದಲಾದ ಔಷಧಿಯನ್ನು ಸೂಜಿಯ ಮೂಲಕ ಕೊಡುವುದು ಇನ್ನೊಂದು. ಎರಡು ಗಂಟೆಗಳೊಳಗಾಗಿ ಸ್ಟೆಂಟನ್ನಿಡುವ ಅನುಕೂಲವಿದ್ದರೆ ಅದು ಮೇಲು. ಇಲ್ಲದಿದ್ದರೆ ಇದ್ದಲ್ಲಿಯೇ ಔಷಧಿಯನ್ನು ಕೊಟ್ಟು ಬಳಿಕ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು ಮೇಲು. ಅರಸೀಕೆರೆಯಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರು. ಬೇಲೂರಿನಿಂದಲೂ ಹೆಚ್ಚುಕಡಮೆ ಅಷ್ಟೇ. ಹಳೇಬೀಡಿನಿಂದ ಸುಮಾರು 30. ಹಳ್ಳಿಯಿಂದ ರಸ್ತೆಗೆ ಬರುವ ಹೊತ್ತು, ವಾಹನವು ಸಿಕ್ಕುವ ಹೊತ್ತು, ಬಂಧುಗಳು ಮೈಸೂರೋ ಬೆಂಗಳೂರೋ ಎಂದು ಚರ್ಚಿಸುವ ಹೊತ್ತು, ಇವನ್ನು ಕೂಡಿಸಿದರೆ ಎರಡು ಗಂಟೆಗಳು ಕಳೆದುಹೋಗುವುದರಲ್ಲಿ ಆಶ್ಚರ್ಯವಿಲ್ಲ.

2021ರ ಅಕ್ಟೋಬರ್ 29ರಂದು ಚಲಚ್ಚಿತ್ರನಟ ಪುನೀತ್ ರಾಜ್‌ಕುಮಾರರು ನಾಲ್ವತ್ತಾರನೆಯ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡುದನ್ನು ಕನ್ನಡಿಗರು ಮರೆತಿಲ್ಲ. ಅನಂತರ ಅವರ ಹೆಸರಿನಲ್ಲಿ ಸರ್ಕಾರವು ಹೃದಯಜ್ಯೋತಿ ಎಂಬ ಯೋಜನೆಯನ್ನು ಆರಂಭಿಸಿತು. ಇದರ ರಚನೆಯು ರಥಚಕ್ರದಂತಹುದು: ಹೃದ್ರೋಗತಜ್ಞರಿರುವ ದೊಡ್ಡ ಆಸ್ಪತ್ರೆಯು ನಾಭಿ, ತಾಲೂಕಿನ ಆಸ್ಪತ್ರೆಗಳು ಅರಗಳು. ಎದೆನೋವೆಂದು ಬಂದವನ ಇ.ಸಿ.ಜಿ.ಯನ್ನು ತಾಲೂಕಿನಲ್ಲಿಯೇ ತೆಗೆದು ತಂತ್ರದ ಮೂಲಕ ನಾಭಿಗೆ ಕಳುಹಿಸುತ್ತಾರೆ. ಅಲ್ಲಿನ ತಜ್ಞರು ಹೃದಯಾಘಾತವೆಂದು ಹೇಳಿದರೆ, ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟಿಪ್ಲೇಸನ್ನು ರೋಗಿಗೆ ಉಚಿತವಾಗಿ ಕೊಡುತ್ತಾರೆ. ಹಾಸನದ ಮರಣಗಳ ತರುವಾಯ 2025ರಲ್ಲಿ ಈ ಯೋಜನೆಯನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರವು ಪ್ರಕಟಿಸಿತು.

ಇಂತಹ ಘಳಿಗೆಯಲ್ಲಿ ದೀರ್ಘವಾದ ಸಮಾಲೋಚನೆಗೆ ಎಡೆಯಿಲ್ಲ, ವೈದ್ಯನೇ ಮುಂದಾಗಬೇಕು. ಹಾಗೆಂದು ರೋಗಿಯ ಪಾಲು ಇಲ್ಲವೆಂದು ತಿಳಿಯಬಾರದು. ಹೆಪ್ಪನ್ನು ಕರಗಿಸುವ ಔಷಧಿಯು ನೂರಕ್ಕೆ ಹೆಚ್ಚುಕಡಮೆ ಒಬ್ಬರಲ್ಲಿ ಮಿದುಳಿನೊಳಗೆ ರಕ್ತಸ್ರಾವವನ್ನು ಉಂಟುಮಾಡಬಹುದು. ಹಿಂದೆ ಪಾರ್ಶ್ವವಾಯು ಬಡಿದಿದ್ದರೆ, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿದ್ದರೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಹೋಗುತ್ತಿದ್ದರೆ, ರಕ್ತವನ್ನು ತೆಳುವಾಗಿಸುವ ಗುಳಿಗೆಯನ್ನು ನುಂಗುತ್ತಿದ್ದರೆ, ಅದನ್ನು ವೈದ್ಯನಿಗೆ ಹೇಳಬೇಕಾದವನು ರೋಗಿಯೇ. ಚರಕನು ಸ್ಮೃತಿ ಜ್ಞಾಪಕತ್ವಗಳನ್ನು ರೋಗಿಯ ಗುಣಗಳಲ್ಲಿ ಏಕೆ ಸೇರಿಸಿದನೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಇನ್ನು ನಿಜವಾದ ಸಮಾಲೋಚನೆಯು ಈ ಘಳಿಗೆಗೆ ಬಹಳ ಮೊದಲೇ ಮನೆಯಲ್ಲಿ ನಡೆದಿರಬೇಕು. ಎದೆ ಬಿಗಿಹಿಡಿದು ಬೆವರು ಕಿತ್ತರೆ ವಾಯುವೆಂದು ಸೋಡಾ ಕುಡಿಯುತ್ತ ಕೂರದೆ 108ಕ್ಕೆ ದೂರವಾಣಿ ಮಾಡುವುದು, ಹತ್ತಿರದ ತಾಲೂಕು ಆಸ್ಪತ್ರೆಯನ್ನು ದಾಟಿ ದೂರದ ಪಟ್ಟಣಕ್ಕೆ ಓಡದಿರುವುದು, ಇವನ್ನು ಆರೋಗ್ಯವಾಗಿರುವಾಗಲೇ ನಿಶ್ಚಯಿಸಿಕೊಂಡ ಕುಟುಂಬವು ವೈದ್ಯನೊಡನೆ ಅರ್ಧ ಕೆಲಸವನ್ನು ಮುಗಿಸಿದಂತೆಯೇ ಸರಿ.

ಎರಡನೆಯದು ವಾರಗಳ ಅವಕಾಶವಿರುವ ನಿಶ್ಚಯ. ದಿಣ್ಣೆಯನ್ನು ಹತ್ತಿದಾಗಲೋ ಹೊರೆಯನ್ನು ಹೊತ್ತಾಗಲೋ ಎದೆ ನೋಯುತ್ತದೆ, ನಿಂತರೆ ನೋವು ಹೋಗುತ್ತದೆ; ತಿಂಗಳುಗಳಿಂದ ಹೀಗೆಯೇ ಇದೆ, ಹೆಚ್ಚಿಲ್ಲ. ಇಂತಹ ರೋಗಿಯ ಧಮನಿಯಲ್ಲಿ ಅಡ್ಡಿಯು ಕಂಡೊಡನೆ ಸ್ಟೆಂಟನ್ನು ಇಡುವುದೇ ಪ್ರಾಣರಕ್ಷಣೆಯೆಂದು ಜನರು ನಂಬಿದ್ದಾರೆ. ಆದರೆ 2007ರಲ್ಲಿ ಪ್ರಕಟವಾದ ಕರೇಜ್ ಎಂಬ ಪರೀಕ್ಷಣವು 2,287 ರೋಗಿಗಳಲ್ಲಿಯೂ, 2020ರಲ್ಲಿ ಪ್ರಕಟವಾದ ಇಸ್ಕೀಮಿಯ ಎಂಬ ಪರೀಕ್ಷಣವು ಭಾರತವೂ ಸೇರಿದಂತೆ 37 ದೇಶಗಳ 5,179 ರೋಗಿಗಳಲ್ಲಿಯೂ ತೋರಿಸಿದುದೇನು? ಸ್ಥಿರವಾದ ಎದೆನೋವಿನವರಿಗೆ ಉತ್ತಮವಾದ ಔಷಧಿಗಳ ಮೇಲೆ ಸ್ಟೆಂಟನ್ನೋ ಬೈಪಾಸ್ ಶಸ್ತ್ರಕ್ರಿಯೆಯನ್ನೋ ಸೇರಿಸಿದುದರಿಂದ ಆ ಪರೀಕ್ಷಣಗಳ ಅವಧಿಯಲ್ಲಿ ಮರಣವೂ ಹೃದಯಾಘಾತವೂ ಗಮನಾರ್ಹವಾಗಿ ಕಡಮೆಯಾಗಲಿಲ್ಲ. ಪದೇಪದೇ ನೋವುಣ್ಣುತ್ತಿದ್ದವರಿಗೆ ನೋವಿನ ಉಪಶಮನವು ಮಾತ್ರ ಹೆಚ್ಚಾಯಿತು. ಹೃದಯದ ಎಡಭಾಗದ ಮುಖ್ಯಧಮನಿಯಲ್ಲಿ ದೊಡ್ಡ ಅಡ್ಡಿಯುಳ್ಳವರನ್ನು ಈ ಪರೀಕ್ಷಣಗಳಲ್ಲಿ ಸೇರಿಸಿರಲಿಲ್ಲವೆಂಬುದನ್ನೂ, ಹೃದಯಾಘಾತವಾಗುತ್ತಿರುವವನಿಗೆ ಈ ಮಾತು ಅನ್ವಯಿಸುವುದಿಲ್ಲವೆಂಬುದನ್ನೂ ಮರೆಯಬಾರದು.

ಹೀಗಿರುವಲ್ಲಿ ಉತ್ತರವು ಶಾಸ್ತ್ರದಲ್ಲಿ ಮಾತ್ರ ಇಲ್ಲ. ಅರ್ಧವು ರೋಗಿಯ ಬಾಳಿನಲ್ಲಿದೆ. ಅರಸೀಕೆರೆಯ ಕಡೆಯಲ್ಲಿ ತೆಂಗಿನಮರವನ್ನು ಹತ್ತಿ ಜೀವಿಸುವವನಿಗೆ ನೋವಿಲ್ಲದೆ ದುಡಿಯುವುದೇ ಮುಖ್ಯವಾಗಬಹುದು. ಆತನು ಸ್ಟೆಂಟನ್ನು ಕೇಳಿದರೆ ತಪ್ಪಿಲ್ಲ. ಅಂಗಡಿಯಲ್ಲಿ ಕುಳಿತು ವ್ಯಾಪಾರಮಾಡುವ ವೃದ್ಧನು ಔಷಧಿಯೇ ಸಾಕೆಂದರೆ ಅದೂ ತಪ್ಪಲ್ಲ. ಮಧುಮೇಹಿಯಾಗಿದ್ದು ಹಲವು ಧಮನಿಗಳಲ್ಲಿ ಅಡ್ಡಿಯುಳ್ಳವನಿಗಾದರೋ ಇನ್ನೊಂದು ಲೆಕ್ಕವುಂಟು. 2012ರಲ್ಲಿ ಪ್ರಕಟವಾದ ಫ್ರೀಡಂ ಎಂಬ ಪರೀಕ್ಷಣದಲ್ಲಿ ಅಂತಹ 1,900 ರೋಗಿಗಳನ್ನು ನೋಡಲಾಗಿ, ಐದು ವರ್ಷಗಳಲ್ಲಿ ಮರಣ, ಹೃದಯಾಘಾತ, ಪಾರ್ಶ್ವವಾಯು ಇವುಗಳಲ್ಲೊಂದನ್ನು ಹೊಂದಿದವರು ಸ್ಟೆಂಟಿನ ಗುಂಪಿನಲ್ಲಿ ನೂರಕ್ಕೆ 26.6, ಬೈಪಾಸಿನ ಗುಂಪಿನಲ್ಲಿ 18.7. ಆದರೆ ಪಾರ್ಶ್ವವಾಯುವನ್ನು ಮಾತ್ರ ಎಣಿಸಿದರೆ ಬೈಪಾಸಿನವರಲ್ಲಿ 5.2, ಸ್ಟೆಂಟಿನವರಲ್ಲಿ 2.4. ಹೆಚ್ಚು ಕಾಲ ಬದುಕುವ ಆಸೆಗೂ ಕೈಕಾಲು ಬೀಳುವ ಭಯಕ್ಕೂ ನಡುವೆ ತೂಗಿನೋಡುವ ಕೆಲಸವನ್ನು ರೋಗಿಯನ್ನು ಬಿಟ್ಟು ಮತ್ತಾರು ಮಾಡಬಲ್ಲರು?

ಕವಾಟದ ರೋಗವು ಇದಕ್ಕಿಂತಲೂ ಸೂಕ್ಷ್ಮವಾದ ದೃಷ್ಟಾಂತ. ಬಾಲ್ಯದಲ್ಲಿ ಗಂಟಲುಬೇನೆಯ ಬೆನ್ನಲ್ಲಿ ಕೀಲುನೋವಿನ ಜ್ವರ ಬಂದು ಹೃದಯದ ಕವಾಟವು ಕೆಡುವ ರೋಗವು ಬಡವರ ಮನೆಗಳಲ್ಲಿ ಇನ್ನೂ ಉಂಟು. ಕೆಟ್ಟ ಕವಾಟವನ್ನು ತೆಗೆದು ಹೊಸದನ್ನು ಇಡಬೇಕಾದರೆ ಎರಡು ಬಗೆಗಳಿವೆ. ಲೋಹದ ಕವಾಟವು ಬಹುಕಾಲ ಬಾಳುತ್ತದೆ; ಆದರೆ ಅದನ್ನು ಹೊಂದಿದವರು ಜೀವಮಾನವೆಲ್ಲ ರಕ್ತವನ್ನು ತೆಳುವಾಗಿಸುವ ವಾರ್ಫರಿನ್ ಗುಳಿಗೆಯನ್ನು ನುಂಗಬೇಕು, ಅದರ ಪ್ರಮಾಣವನ್ನು ಸರಿಪಡಿಸಲು ಆಗಾಗ ರಕ್ತವನ್ನು ಪರೀಕ್ಷಿಸಿಕೊಳ್ಳಬೇಕು, ಸೊಪ್ಪಿನ ಊಟದಲ್ಲಿಯೂ ಏರುಪೇರಾಗದಂತೆ ನೋಡಿಕೊಳ್ಳಬೇಕು. ಆ ಗುಳಿಗೆಯು ಗರ್ಭದಲ್ಲಿರುವ ಶಿಶುವಿಗೆ ಹಾನಿಕರ. ಪ್ರಾಣಿಯ ಅಂಗಾಂಶದ ಕವಾಟಕ್ಕೆ ಸಾಮಾನ್ಯವಾಗಿ ಅಂತಹ ಗುಳಿಗೆಯು ಬಹುಕಾಲ ಬೇಡ. ಆದರೆ ಹತ್ತು ಹದಿನೈದು ವರ್ಷಗಳಲ್ಲಿ, ಎಳೆಯರಲ್ಲಿ ಇನ್ನೂ ಬೇಗನೆ, ಅದು ಸವೆದು ಎದೆಯನ್ನು ಮತ್ತೊಮ್ಮೆ ತೆರೆಯಬೇಕಾಗಬಹುದು. ಹಳೇಬೀಡಿನ ಆಚೆಯ ಹಳ್ಳಿಯಲ್ಲಿ ಹೊಸದಾಗಿ ಮದುವೆಯಾಗಿ ಮಗುವನ್ನು ಬಯಸುವ ಹೆಣ್ಣುಮಗಳೊಬ್ಬಳಿಗೆ ಈ ರೋಗವೆಂದು ಭಾವಿಸೋಣ. ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಬಸ್ಸು ಹತ್ತಿ ಹೋಗಲು ಆಕೆಗೆ ಕೂಲಿಯನ್ನು ಬಿಡುವ ಶಕ್ತಿಯುಂಟೇ, ಜೊತೆಗೆ ಬರುವವರುಂಟೇ, ಮಗುವಿನ ಆಸೆಯು ಎಷ್ಟು, ಎರಡನೆಯ ಶಸ್ತ್ರಕ್ರಿಯೆಯ ಭಯವು ಎಷ್ಟು? ಇವು ಯಾವ ಯಂತ್ರದಲ್ಲಿಯೂ ಕಾಣುವುದಿಲ್ಲ. ಆಕೆಯನ್ನು ಕೇಳಿಯೇ ತಿಳಿಯಬೇಕು. ಆಕೆಯ ಗಂಡನನ್ನೋ ಮಾವನನ್ನೋ ಕೇಳಿದರೆ ಸಾಲದು.

ಮೂರನೆಯದು ಬಾಳೆಲ್ಲ ನಡೆಯತಕ್ಕ ನಿಶ್ಚಯ. ರಕ್ತದ ಒತ್ತಡಕ್ಕೂ ಮಧುಮೇಹಕ್ಕೂ ಕೊಬ್ಬಿಗೂ ಕೊಡುವ ಗುಳಿಗೆಗಳು ಇಲ್ಲಿ ಸೇರುತ್ತವೆ. ಇದರಲ್ಲಿ ಆಸ್ಪತ್ರೆಯ ಕಾಗದವಿಲ್ಲ, ರುಜುವಿಲ್ಲ. ಪ್ರತಿದಿನವೂ ರೋಗಿಯೇ ನಿಶ್ಚಯಿಸುತ್ತಾನೆ. ವೈದ್ಯನ ಮುಂದೆ ಹೂಂ ಎಂದು ತಲೆಯಾಡಿಸಿ ಬಂದವನು ಮೈ ಹಗುರವಾಯಿತೆಂದು ಎರಡು ತಿಂಗಳಲ್ಲಿ ಗುಳಿಗೆಯನ್ನು ಬಿಡುವುದು ಎಲ್ಲರೂ ಕಂಡ ಸಂಗತಿ. ಬೆಲೆಯು ಹೆಚ್ಚೆಂದು ಬಿಟ್ಟಿರಬಹುದು, ತಲೆಸುತ್ತು ಬಂದಿರಬಹುದು, ಇನ್ನು ಬೇಡವೆಂದು ಭಾವಿಸಿರಬಹುದು. ಮೊದಲೇ ಕೇಳಿದ್ದರೆ ಹೇಳುತ್ತಿದ್ದನು. ಅಪ್ಪಣೆಯಾಗಿ ಬಂದುದನ್ನು ಮನುಷ್ಯನು ಗುಟ್ಟಾಗಿ ಮೀರುತ್ತಾನೆ. ತಾನೂ ಸೇರಿ ಮಾಡಿಕೊಂಡ ಕಟ್ಟಳೆಯನ್ನು ಮೀರುವುದಕ್ಕೆ ಅಷ್ಟು ಬೇಗ ಮನಸ್ಸು ಬಾರದು. ನಿರ್ದೇಶಕಾರಿತ್ವವೂ ಕೂಡ ಸಮಾಲೋಚನೆಯಿಂದಲೇ ಬೆಳೆಯತಕ್ಕ ಗುಣ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಒಬ್ಬ ವೈದ್ಯನು ದಿನಕ್ಕೆ ನೂರು ಮಂದಿಯನ್ನು ನೋಡುವಲ್ಲಿ ಸಮಾಲೋಚನೆಗೆ ವೇಳೆ ಎಲ್ಲಿದೆ ಎಂಬುದು ಮೊದಲನೆಯದು. ಇದು ಸುಳ್ಳಲ್ಲ. ಆದರೆ ವೇಳೆಯು ಸಾಲದುದರಿಂದಲೇ ಅದಕ್ಕೆ ಉಪಕರಣಗಳು ಬೇಕು. ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಪರೀಕ್ಷಣವೊಂದರಲ್ಲಿ, ಎದೆನೋವೆಂದು ಬಂದಿದ್ದರೂ ಅಪಾಯವು ಅಲ್ಪವೆಂದು ತೋರಿದ 898 ಮಂದಿಯಲ್ಲಿ ಒಂದು ಗುಂಪಿಗೆ, ಅವರ ಅಪಾಯವೆಷ್ಟೆಂಬುದನ್ನು ನೂರು ಗೊಂಬೆಗಳ ಚಿತ್ರದಲ್ಲಿ ತೋರಿಸುವ ಒಂದು ಹಾಳೆಯನ್ನು ಇಟ್ಟುಕೊಂಡು ವೈದ್ಯರು ಮಾತನಾಡಿದರು. ಹೆಚ್ಚಿನ ಪರೀಕ್ಷೆಗಾಗಿ ಆಸ್ಪತ್ರೆಯಲ್ಲಿ ಉಳಿಯಲು ನಿಶ್ಚಯಿಸಿದವರು ಆ ಗುಂಪಿನಲ್ಲಿ ನೂರಕ್ಕೆ 37, ಹಾಳೆಯಿಲ್ಲದ ಗುಂಪಿನಲ್ಲಿ 52; ಹಾಳೆಯ ದೆಸೆಯಿಂದ ಯಾರಿಗೂ ಹೃದಯದ ಕೇಡು ಆಗಲಿಲ್ಲ. 2025ರಲ್ಲಿ ಹಾಸನದ ಜನರು ಸಾಲುಗಟ್ಟಿ ನಿಂತಿದ್ದಾಗ ಇಂತಹ ಹಾಳೆಯೊಂದು ಕನ್ನಡದಲ್ಲಿ, ಅರಸೀಕೆರೆ ಬೇಲೂರುಗಳ ಆಸ್ಪತ್ರೆಯಲ್ಲಿಯೇ ಇದ್ದಿದ್ದರೆ, ಎಷ್ಟೋ ಮಂದಿ ನೆಮ್ಮದಿಯಿಂದ ಮನೆಗೆ ಮರಳಬಹುದಾಗಿದ್ದಿತು. ನಿಜವಾಗಿ ತಜ್ಞರು ಬೇಕಾದವರಿಗೆ ಸಾಲಿನಲ್ಲಿ ಎಡೆಯೂ ಸಿಕ್ಕುತ್ತಿದ್ದಿತು. ಜಗದ್ದಳ ಸೋಮನಾಥನ ಕೆಲಸವು ಮುಗಿದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಎರಡನೆಯ ಆಕ್ಷೇಪವು ಹಣಕ್ಕೆ ಸಂಬಂಧಿಸಿದುದು. ಕೈಯಲ್ಲಿ ಹಣವಿಲ್ಲದವನು ಏನನ್ನು ಆರಿಸಿಕೊಂಡಾನು? ಈ ಮಾತೂ ಸತ್ಯ. ಆದುದರಿಂದ ಹಣದ ಭಾರವನ್ನು ಇಳಿಸಿದ ಕ್ರಮಗಳನ್ನು ಈ ಚರಿತ್ರೆಯಲ್ಲಿ ಸೇರಿಸಬೇಕು. 2017ರ ಫೆಬ್ರವರಿಯಲ್ಲಿ ಕೇಂದ್ರದ ಬೆಲೆನಿಯಂತ್ರಣ ಪ್ರಾಧಿಕಾರವು ಔಷಧಿಲೇಪಿತ ಸ್ಟೆಂಟಿಗೆ 29,600 ರೂಪಾಯಿಗಳನ್ನೂ, ಲೇಪವಿಲ್ಲದ ಸ್ಟೆಂಟಿಗೆ 7,260 ರೂಪಾಯಿಗಳನ್ನೂ ಮಿತಿಯಾಗಿ ಗೊತ್ತುಪಡಿಸಿತು. ಅದಕ್ಕೆ ಮೊದಲು ಲೇಪಿತ ಸ್ಟೆಂಟಿಗೆ ಲಕ್ಷಕ್ಕೆ ಮೇಲ್ಪಟ್ಟು ತೆರುವುದು ಸಾಮಾನ್ಯವಾಗಿದ್ದಿತು. ಇದೇ ಜಿಲ್ಲೆಯ ಚನ್ನರಾಯಪಟ್ಟಣ ತಾಲೂಕಿನ ಚಿನ್ನೇನಹಳ್ಳಿಯವರಾದ ಡಾ. ಸಿ. ಎನ್. ಮಂಜುನಾಥರು 2006ರಿಂದ 2024ರ ಜನವರಿಯವರೆಗೆ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದಾಗ, ಚಿಕಿತ್ಸೆ ಮೊದಲು, ಹಣ ಆಮೇಲೆ ಎಂಬ ನೀತಿಯನ್ನು ನಡೆಸಿಕೊಂಡು ಬಂದರು. ಹಣದ ಪ್ರಶ್ನೆಯು ಹಿಂದಕ್ಕೆ ಸರಿದಾಗಲೇ, ಯಾವ ಚಿಕಿತ್ಸೆಯು ಮೇಲು ಎಂಬ ಪ್ರಶ್ನೆಯನ್ನು ರೋಗಿಯು ನೆಮ್ಮದಿಯಿಂದ ಕೇಳಬಲ್ಲನು.

ಮೂರನೆಯ ಆಕ್ಷೇಪವು ಕುಟುಂಬದ ವಿಷಯ. ಯಜಮಾನನಿಗೆ ಹೇಳಿದರೆ ಎದೆಯೊಡೆದಾನು, ಮಗನೊಡನೆಯೇ ಮಾತನಾಡಿರಿ ಎಂದು ಬಂಧುಗಳು ವೈದ್ಯನ ಕಿವಿಯಲ್ಲಿ ಹೇಳುವುದು ಪ್ರೀತಿಯಿಂದಲೇ. ಬಂಧುಗಳನ್ನು ಹೊರಕ್ಕೆ ಕಳುಹಿಸಿ ರೋಗಿಯನ್ನು ಒಂಟಿಯಾಗಿ ಕೂರಿಸುವುದು ಈ ನಾಡಿನ ರೀತಿಯಲ್ಲ. ಅದರ ಅವಶ್ಯಕತೆಯೂ ಇಲ್ಲ. ಚರಕನು ಕರೆದ ಸಭೆಯು ಇರಲಿ. ಹೆಂಡತಿ, ಮಕ್ಕಳು, ಹಿತಚಿಂತಕರು ಎಲ್ಲರೂ ಅದರಲ್ಲಿ ಕೂರಲಿ. ಆದರೆ ಸಭೆಯ ಮಧ್ಯದಲ್ಲಿ ರೋಗಿಯ ಪೀಠವಿರಬೇಕು, ಕಡೆಯ ಮಾತು ಆತನದಾಗಬೇಕು. ಯಾವುದನ್ನೂ ಕೇಳಲೊಲ್ಲೆ, ಮಗನೇ ನೋಡಿಕೊಳ್ಳಲಿ ಎಂದು ರೋಗಿಯು ತಾನಾಗಿ ಹೇಳಿದರೆ ಅದೂ ಆತನ ನಿಶ್ಚಯವೇ. ಮಗನು ತಾನಾಗಿ ಕಸಿದುಕೊಂಡರೆ ಅಲ್ಲ.

ಇಷ್ಟರಿಂದ ತಿಳಿಯತಕ್ಕ ಸಾರಾಂಶವಿದು. ವೈದ್ಯನಿಗೆ ರೋಗವು ತಿಳಿದಿದೆ, ರೋಗಿಗೆ ತನ್ನ ಬಾಳು ತಿಳಿದಿದೆ. ಒಂದರ ಅರಿವು ಇನ್ನೊಂದರಿಂದ ಹುಟ್ಟುವುದಿಲ್ಲ. ಘಳಿಗೆಯ ಅವಕಾಶವೂ ಇಲ್ಲದಲ್ಲಿ ವೈದ್ಯನು ಮುಂದೆ ನಡೆಯಲಿ, ರೋಗಿಯು ನಿಜವನ್ನು ಹೇಳಲಿ. ವಾರಗಳ ಅವಕಾಶವಿರುವಲ್ಲಿ ಇಬ್ಬರೂ ಕೂಡಿ ತೂಗಿನೋಡಲಿ. ಬಾಳೆಲ್ಲ ನಡೆಯುವಲ್ಲಿ ರೋಗಿಯು ಮುಂದೆ ನಡೆಯಲಿ, ವೈದ್ಯನು ಜೊತೆಗಿರಲಿ. ಹೃದ್ರೋಗವೆಂದು ಕೇಳಿದ ಯಾವನೇ ಆಗಲಿ ಆಸ್ಪತ್ರೆಯಿಂದ ಹೊರಡುವ ಮೊದಲು ನಾಲ್ಕು ಮಾತುಗಳನ್ನು ಸಂಕೋಚವಿಲ್ಲದೆ ಕನ್ನಡದಲ್ಲಿ ಕೇಳಬಹುದು: ತನಗೆ ಬಂದಿರುವ ರೋಗವೇನು, ಅದಕ್ಕೆ ಮಾರ್ಗಗಳೆಷ್ಟು, ಒಂದೊಂದರಲ್ಲಿಯೂ ಒಳಿತೆಷ್ಟು ಕೆಡುಕೆಷ್ಟು, ಏನನ್ನೂ ಮಾಡದಿದ್ದರೆ ಆಗುವುದೇನು. ಉದರರೋಗದ ಪ್ರಕರಣದಲ್ಲಿ ಆಚಾರ್ಯರು ಬಂಧುಗಳ ಮುಂದೆ ಬಿಚ್ಚಿಡಬೇಕೆಂದುದೂ, 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ರೋಗಿಯ ಮುಂದೆ ಬಿಚ್ಚಿಡಬೇಕೆಂದುದೂ ಹೆಚ್ಚುಕಡಮೆ ಇವೇ ಮಾತುಗಳು. ಇವಕ್ಕೆ ತಾಳ್ಮೆಯಿಂದ ಉತ್ತರ ಕೊಡುವ ವೈದ್ಯರು ಜಿಲ್ಲೆಯಲ್ಲಿ ಇಲ್ಲದೆ ಇಲ್ಲ. ಕೇಳುವವರ ಸಂಖ್ಯೆಯು ಹೆಚ್ಚಬೇಕಾಗಿದೆ.